ಕಲೋನ್ ಚರ್ಚ್‌ಗೆ ಎಷ್ಟು ವಯಸ್ಸು?

ಪ್ರಶ್ನೆ: ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚನ್ನು ಜರ್ಮನಿಯ ಕಲೋನ್ ಚರ್ಚ್ ಮಾದರಿಯಲ್ಲಿ ಕಟ್ಟಿದರು ಅಂತಾರೆ. ಆದರೆ ಕಲೋನ್‌ನದು 1248ರದ್ದು ಅಂತ ಒಂದು ಕಡೆ, 1880ರದ್ದು ಅಂತ ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. 1248ರಲ್ಲಿ ಶುರುವಾಯಿತು, 1880ರಲ್ಲಿ ಮುಗಿಯಿತು. ಪೂಜೆ ನಡೆಯುವ ಪೂರ್ವ ಭಾಗ 1322ಕ್ಕೇ ತಯಾರಾಗಿತ್ತು. ಆಮೇಲೆ ಕೆಲಸ ಕುಂಟುತ್ತಾ ಸಾಗಿ 1560ರ ಹೊತ್ತಿಗೆ ಪೂರ್ತಿ ನಿಂತೇಹೋಯಿತು. ದಕ್ಷಿಣದ ಗೋಪುರದ ಮೊಂಡು ತುದಿಯಲ್ಲಿ ಕಲ್ಲು ಎತ್ತುವ ಮರದ ಕ್ರೇನ್ 1868ರವರೆಗೂ ಹಾಗೇ ಇತ್ತು. ನಮ್ಮಲ್ಲಿ ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟ ಮನೆ ಮೇಲೆ ಕಂಬಿಗಳು ನಿಂತಿರುತ್ತಲ್ಲ, ಹಾಗೆ.

ನೆಪೋಲಿಯನ್ ಕಾಲದ ಯುದ್ಧಗಳು ಮುಗಿದ ಮೇಲೆ ಜರ್ಮನ್ನರಿಗೆ 'ನಮ್ಮದು' ಅನ್ನುವಂಥದ್ದು ಏನಾದರೂ ಬೇಕಿತ್ತು. ಕಲೋನ್ ಚರ್ಚ್ ಇರುವ ಗಾಥಿಕ್ ಶೈಲಿ (ಚೂಪು ಕಮಾನು, ಎತ್ತರದ ಗೋಪುರಗಳ ಕಟ್ಟಡ ಶೈಲಿ) ತಮ್ಮದೇ ಅಂತ ಆಗ ಅವರಲ್ಲಿ ಬಹಳ ಜನ ನಂಬಿದ್ದರು, ಹಾಗಾಗಿ ಅರ್ಧಕ್ಕೆ ನಿಂತ ಈ ಚರ್ಚನ್ನು ಮುಗಿಸುವ ಆಸೆ ಹುಟ್ಟಿತು. ತಮಾಷೆ ಅಂದರೆ ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ, ಕಲೋನ್‌ನವರು ಕಣ್ಣಮುಂದೆ ಇಟ್ಟುಕೊಂಡಿದ್ದೂ ಫ್ರಾನ್ಸಿನ ಆಮಿಯೆನ್ಸ್ ಚರ್ಚನ್ನೇ!

ಅದೃಷ್ಟಕ್ಕೆ ಮುಂಭಾಗದ ಹಳೇ ನಕ್ಷೆ ಸಿಕ್ಕಿತು. ಸುಮಾರು 4 ಮೀಟರ್ ಎತ್ತರದ ಚರ್ಮದ ಹಾಳೆ ಅದು. ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್ ಊರಿನ ಒಂದು ಅಟ್ಟದಲ್ಲಿ (ಅದರ ಮೇಲೆ ಹುರುಳಿಕಾಯಿ ಒಣಗಿಸುತ್ತಿದ್ದರು ಅಂತ ಕಥೆ), ಇನ್ನರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ. 1842ರಲ್ಲಿ ಪ್ರಷ್ಯಾದ (ಆಗ ಕಲೋನ್ ಸೇರಿದ್ದ ಜರ್ಮನ್ ರಾಜ್ಯ) ರಾಜ ಮತ್ತೆ ಶಂಕುಸ್ಥಾಪನೆ ಮಾಡಿದ. ಅವನು ಪ್ರಾಟೆಸ್ಟೆಂಟ್, ಚರ್ಚ್ ಕ್ಯಾಥೊಲಿಕ್. ಅರಮನೆ ದುಡ್ಡು ಸಾಲದೆ ಊರಿನವರು ಸಂಘ ಕಟ್ಟಿ ಚಂದಾ ಎತ್ತಿದರು, ಕೊನೆಗೆ ಲಾಟರಿಯನ್ನೂ ನಡೆಸಿದರು.

ಹಾಗಾದರೆ ಇದು ನಕಲಾ? ನಾನಂತೂ ಹಾಗನ್ನುವುದಿಲ್ಲ. ಗೋಪುರಗಳ ಆಕಾರ ಹಳೇ ನಕ್ಷೆಯದ್ದೇ. ಆದರೆ ಛಾವಣಿಯೊಳಗಿನ ತೊಲೆಗಳು ಮರದವಲ್ಲ, ಕಬ್ಬಿಣದವು. ಆ ಕಾಲದ ರೈಲ್ವೆ ಸ್ಟೇಷನ್ ಕಟ್ಟುತ್ತಿದ್ದವರ ವಿದ್ಯೆ ಅದು. ಮುಂದೆ ನಿಂತು ನೋಡಿದರೆ ಬಲಗಡೆ ಗೋಪುರದ ಕೆಳಭಾಗ ಹಳೆಯದು, ಅದರ ಮೇಲಿನದ್ದು ಮತ್ತು ಎಡಗಡೆ ಗೋಪುರ ಹೆಚ್ಚೂಕಡಿಮೆ ಎಲ್ಲಾ 19ನೇ ಶತಮಾನದ್ದು.

ಕಲೋನ್ ಗೋಪುರಗಳ ಎತ್ತರ 157 ಮೀಟರ್, ಮೈಸೂರಿನವು 175 ಅಡಿ, ಅಂದರೆ ಸುಮಾರು ಮೂರನೇ ಒಂದು ಭಾಗ. ಮೈಸೂರಿನಲ್ಲಿ 1933ರಲ್ಲಿ ಅಡಿಗಲ್ಲು ಬಿದ್ದಾಗ ಕಲೋನ್‌ನ ಆ 'ಪುರಾತನ' ಗೋಪುರಗಳು ಮುಗಿದು ಬರೀ 53 ವರ್ಷವಾಗಿತ್ತು.