ಮಾತ್ರೆಯ ಬದಲು ತೋಟದ ಕೆಲಸವೇ?

ಪ್ರಶ್ನೆ: ನನ್ನ ಅಕ್ಕನಿಗೆ ಅರವತ್ತೆಂಟು ವರ್ಷ. ಇಂಗ್ಲೆಂಡಿನಲ್ಲಿ ಮಗನ ಮನೆಯಲ್ಲಿ ನೆಲೆಸಿದ್ದಾಳೆ. ಕಳೆದ ವರ್ಷ ಭಾವನವರು ತೀರಿಕೊಂಡರು. ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಒಬ್ಬಳೇ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ಜಿ.ಪಿ.ಯ (ಅಲ್ಲಿನ ಕುಟುಂಬ ವೈದ್ಯರ) ಬಳಿ ಹೋದರೆ ಅವರು ಪರೀಕ್ಷಿಸಿ, ಔಷಧ ಬರೆಯದೆ, ‘ಲಿಂಕ್ ವರ್ಕರ್’ ಒಬ್ಬರನ್ನು ಕಾಣಲು ಹೇಳಿದರಂತೆ. ಆಕೆ ವಾರಕ್ಕೊಮ್ಮೆ ಸೇರುವ ತೋಟಗಾರಿಕೆಯ ಗುಂಪೊಂದನ್ನು ಸೂಚಿಸಿದ್ದಾರೆ. ‘ವಯಸ್ಸಾದವಳೆಂದು ಸಾಗಹಾಕಿದರು’ ಎಂದು ಅಕ್ಕ ನೊಂದುಕೊಂಡಿದ್ದಾಳೆ. ಇದೂ ಒಂದು ಚಿಕಿತ್ಸೆಯೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಅಕ್ಕನವರನ್ನು ಯಾರೂ ಸಾಗಹಾಕಿಲ್ಲ, ಅವರ ಸಂಕಟದಲ್ಲಿ ಒಂಟಿತನದ ಪಾಲು ದೊಡ್ಡದೆಂದು ಆ ವೈದ್ಯರು ಗುರುತಿಸಿದಂತಿದೆ. ರೋಗಿಯನ್ನು ಹೀಗೆ ಊರಿನ ಗುಂಪು, ಚಟುವಟಿಕೆಗಳ ಕಡೆಗೆ ಕಳಿಸುವುದಕ್ಕೆ ಇಂಗ್ಲೆಂಡಿನಲ್ಲಿ ‘ಸೋಷಿಯಲ್ ಪ್ರಿಸ್ಕ್ರೈಬಿಂಗ್’ ಎನ್ನುತ್ತಾರೆ, ಅದಕ್ಕೆ ನೆರವಾಗುವವರೇ ಲಿಂಕ್ ವರ್ಕರ್. ಇದರ ಬೇರುಗಳಲ್ಲೊಂದು ಪೂರ್ವ ಲಂಡನ್ನಿನ ಬ್ರಾಮ್ಲಿ ಬೈ ಬೋ ಎಂಬ ಬಡ ಬಡಾವಣೆಯಲ್ಲಿದೆ. 1984ರಲ್ಲಿ ಅಲ್ಲಿನ ಪಾಳುಬಿದ್ದಂತಿದ್ದ ಚರ್ಚೊಂದಕ್ಕೆ ಪಾದ್ರಿಯಾಗಿ ಬಂದ ಆಂಡ್ರ್ಯೂ ಮಾಸನ್, ಅದರ ಬಾಗಿಲನ್ನು ಸುತ್ತಲಿನ ಜನರಿಗೆ ತೆರೆದರು. ಮುಂದೆ ಅಲ್ಲಿ ವೈದ್ಯರ ಕೋಣೆಯ ಪಕ್ಕದಲ್ಲೇ ಕಲೆ, ಕಲಿಕೆ, ತೋಟ ಎಲ್ಲವೂ ಬೆಳೆದವು. 2019ರ ಜನವರಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ದೀರ್ಘಾವಧಿ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಲಿಂಕ್ ವರ್ಕರ್‌ಗಳನ್ನು ನೇಮಿಸುವುದಾಗಿ ಪ್ರಕಟಿಸಿತು.

ಒಂಟಿತನವನ್ನು ವೈದ್ಯರು ಇಷ್ಟು ಗಂಭೀರವಾಗಿ ಪರಿಗಣಿಸುವುದಕ್ಕೆ ಆಧಾರವಿದೆ. ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 148 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಸುಮಾರು ಶೇ 50ರಷ್ಟು ಹೆಚ್ಚೆಂದು ಕಂಡುಬಂತು. ಆದರೆ ವೈದ್ಯರು ಗುಂಪಿಗೆ ಕಳಿಸಿದ ಮಾತ್ರಕ್ಕೆ ಅಂಥ ಸಂಬಂಧ ಹುಟ್ಟುತ್ತದೆ ಎಂದು ಈ ಅಂಕಿ ಹೇಳುವುದಿಲ್ಲ. ಇಂಥ ಯೋಜನೆಗಳ 15 ಮೌಲ್ಯಮಾಪನಗಳನ್ನು ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪರಿಶೀಲಿಸಿ, ಬಹುತೇಕ ಅಧ್ಯಯನಗಳು ಚಿಕ್ಕವು, ಅವುಗಳ ವಿಧಾನವೂ ದುರ್ಬಲ ಎಂದರು. ಆದ್ದರಿಂದ ಇದನ್ನು ರಾಮಬಾಣವೆಂದು ನಾನು ಹೇಳಲಾರೆ.

ನನ್ನ ಅನಿಸಿಕೆಯಲ್ಲಿ ಇಲ್ಲಿ ಮುಖ್ಯವಾದದ್ದು ತೋಟಕ್ಕಿಂತ ಆ ಲಿಂಕ್ ವರ್ಕರ್. ಹತ್ತು ನಿಮಿಷದಲ್ಲಿ ಮುಗಿಯುವ ಜಿ.ಪಿ. ಭೇಟಿಯಲ್ಲಿ ಹೇಳಲಾಗದ್ದನ್ನು ಅವರ ಮುಂದೆ ನಿಧಾನವಾಗಿ ಹೇಳಿಕೊಳ್ಳಬಹುದು, ಮತ್ತು ‘ನಿಮಗೇನು ತೊಂದರೆ’ ಎನ್ನುವುದರ ಜೊತೆಗೆ ‘ನಿಮಗೆ ಯಾವುದು ಮುಖ್ಯ’ ಎಂದು ಕೇಳುವುದೂ ಅವರ ಕೆಲಸವೇ. ಅಕ್ಕನವರಿಗೆ ಮಣ್ಣಿನ ಕೆಲಸ ಇಷ್ಟವಿಲ್ಲದಿದ್ದರೆ ಸಂಕೋಚಪಡದೆ ಹೇಳಲಿ. ಹಾಡು, ಹೊಲಿಗೆ, ನಡಿಗೆ, ಅಡುಗೆ, ಯಾವುದಾದರೂ ಆಗಬಹುದು. ಅಪರಿಚಿತರಿರುವ ಕೋಣೆಯ ಬಾಗಿಲು ದಾಟುವುದೇ ದುಃಖದಲ್ಲಿರುವವರಿಗೆ ಎಲ್ಲಕ್ಕಿಂತ ಕಷ್ಟ. ಮೊದಲ ದಿನ ಜೊತೆಗೆ ಬರುವಿರಾ ಎಂದು ಲಿಂಕ್ ವರ್ಕರ್ ಅವರನ್ನೇ ಕೇಳಬಹುದು, ಇಲ್ಲವೇ ಸೊಸೆ ಅರ್ಧ ದಿನ ರಜೆ ಹಾಕಿ ಕರೆದೊಯ್ಯಲಿ. ಮಾತೃಭಾಷೆಯಲ್ಲಿ ಮನಸ್ಸು ಬಿಚ್ಚುವ ಅಗತ್ಯವೂ ಸಣ್ಣದಲ್ಲ. ‘ಕನ್ನಡ ಬಳಗ ಯು.ಕೆ.’ಯ ಕಾರ್ಯಕ್ರಮಗಳು ಹತ್ತಿರದಲ್ಲೆಲ್ಲಾದರೂ ನಡೆಯುತ್ತವೆಯೇ ಎಂದು ಮಗ ವಿಚಾರಿಸಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಗುಂಪಿಗೆ ಹೋಗುವುದು ಔಷಧಕ್ಕೆ ಪರ್ಯಾಯವಲ್ಲ. ಕೆಲವು ವಾರಗಳಲ್ಲಿ ನಿದ್ದೆ, ಹಸಿವು ಸುಧಾರಿಸದಿದ್ದರೆ, ತೂಕ ಇಳಿಯುತ್ತಿದ್ದರೆ, ಅವರು ಪುನಃ ಜಿ.ಪಿ.ಯನ್ನು ಕಾಣಲೇಬೇಕು, ಬದುಕು ಬೇಡವೆಂಬ ಮಾತು ಬಂದರೆ ಆ ದಿನವೇ ಕಾಣಬೇಕು. ಎನ್‌ಎಚ್‌ಎಸ್‌ನ ಆಪ್ತಸಮಾಲೋಚನೆಗೆ ವೈದ್ಯರ ಪತ್ರವಿಲ್ಲದೆಯೂ ಹೆಸರು ನೋಂದಾಯಿಸಬಹುದು, ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಉಚಿತವಾಗಿ ಕೇಳಬಹುದು.

ಪ್ರಶ್ನೆ: ಇಂಥ ವ್ಯವಸ್ಥೆ ಕರ್ನಾಟಕದಲ್ಲಿದೆಯೇ?
– ಓದುಗರು, ಹಾಸನ

ಉತ್ತರ: ಇಂಗ್ಲೆಂಡಿನ ಮಾದರಿಯಲ್ಲಿ, ವೈದ್ಯರು ರೋಗಿಗಳನ್ನು ಲಿಂಕ್ ವರ್ಕರ್ ಬಳಿಗೆ ಕಳಿಸುವ ಏರ್ಪಾಡು ನಮ್ಮಲ್ಲಿಲ್ಲ. ಮನೆ ಮನೆಯ ಪರಿಚಯವಿರುವ ಆಶಾ ಕಾರ್ಯಕರ್ತೆಯರು ಈ ಕೆಲಸಕ್ಕೆ ತೀರ ಹತ್ತಿರದವರು, ಆದರೆ ಅವರ ಮೇಲೆ ಈಗಾಗಲೇ ಇರುವ ಹೊರೆಗೆ ಇದನ್ನೂ ಸೇರಿಸುವುದು ನ್ಯಾಯವಲ್ಲ. ಪ್ರತ್ಯೇಕ ಹುದ್ದೆ, ಪ್ರತ್ಯೇಕ ಸಂಬಳ ಬೇಕು. ಸದ್ಯಕ್ಕೆ ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.