ಅದು ಬೇರೆ ವಿಷಯ ಅಲ್ಲ, ಅದೇ ವಿಷಯ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ, ಮಡಚಿಟ್ಟು, ಮತ್ತೆ ತೆಗೆದು ಓದಿದೆ. ಉಳಿದವರಿಗೆ ಮುಂದಿನ ವಾರ ಉತ್ತರಿಸುತ್ತೇನೆ. ಇವತ್ತು ಇದೊಂದೇ.

ಬರೆದವರಿಗೆ 43 ವರ್ಷ. ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು. ಯೌವನಸ್ಥರ ಕೂಟ ನಡೆಸುತ್ತಾರೆ, ಶನಿವಾರದ ಸತ್ಯವೇದ (ಬೈಬಲ್) ಅಧ್ಯಯನವೂ ಅವರದ್ದೇ. ಹೆಂಡತಿ, ಇಬ್ಬರು ಮಕ್ಕಳು. ಎರಡು ವರ್ಷದಿಂದ ತಮಗಾಗಿ ಅಂತ ಸತ್ಯವೇದ ತೆರೆದಿಲ್ಲ. ಪಾಠ ತಯಾರಿಸಬೇಕಾದಾಗ ತೆರೆಯುತ್ತಾರೆ, ಬೇಕಾದ ವಚನ ಹೆಕ್ಕಿಕೊಳ್ಳುತ್ತಾರೆ, ಮುಚ್ಚುತ್ತಾರೆ. ಎರಡು ಜನವರಿಯೂ ದಿನಕ್ಕೆ ನಾಲ್ಕು ಅಧ್ಯಾಯದ ವರ್ಷದ ಪಟ್ಟಿ ಹಿಡಿದು ಕೂತರು. ಎರಡು ಸಲವೂ ಫೆಬ್ರವರಿ ಹೊತ್ತಿಗೆ ಬಾಕಿ ಐವತ್ತು ಅಧ್ಯಾಯ ದಾಟಿತ್ತು, ಅಲ್ಲಿಗೆ ಕೈಬಿಟ್ಟರು.

ಅವರ ಸಭಾಪಾಲಕರು (ಪಾಸ್ಟರ್) ನಾಯಕರಿಗೆಲ್ಲ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದ್ದಾರೆ. ಬೆಳಿಗ್ಗೆ ಏಳು ಗಂಟೆಯೊಳಗೆ ಓದಿದ ಅಧ್ಯಾಯದ ನಂಬರ್ ಹಾಕಬೇಕು. ಹಾಕದವರ ಹೆಸರನ್ನು ತಿಂಗಳ ಕೂಟದಲ್ಲಿ ಎಲ್ಲರ ಮುಂದೆ ಓದುತ್ತಾರೆ. ಇವರು ಐದು ತಿಂಗಳಿಂದ ಓದದೆಯೇ ನಂಬರ್ ಹಾಕುತ್ತಿದ್ದಾರೆ. "ದಿನಾ ಓದಿ ಅಂತ ಹುಡುಗರಿಗೆ ಹೇಳುವಾಗ ನಾಲಿಗೆ ತಡವರಿಸುತ್ತದೆ. ನನಗೆ ಈ ಅಭ್ಯಾಸ ಯಾವತ್ತೂ ಬರಲೇ ಇಲ್ಲ. ಜವಾಬ್ದಾರಿ ಬಿಟ್ಟುಬಿಡಲೇ? ಇಲ್ಲಾಂದ್ರೆ ಒಳ್ಳೆಯ ಯೋಜನೆ ಒಂದು ತಿಳಿಸಿ" ಎಂದು ಕೇಳಿದ್ದಾರೆ.

ನಾಲ್ಕು ಪುಟದ ಪತ್ರ. ಮೂರನೇ ಪುಟದ ಕೊನೆಗೆ ಈ ಸಾಲುಗಳಿವೆ:

"ಅಪ್ಪನ ಕಣ್ಣು ಹೋದ ಮೇಲೆ ನಾಲ್ಕು ವರ್ಷ ದಿನಾ ರಾತ್ರಿ ಅವರ ಮಂಚದ ಪಕ್ಕ ಕೂತು ಓದಿ ಹೇಳುತ್ತಿದ್ದೆ. 119ನೇ ಕೀರ್ತನೆ ಉದ್ದ ಅಂತ ಎರಡು ರಾತ್ರಿಗೆ ಅರ್ಧರ್ಧ ಹಂಚಿಕೊಂಡಿದ್ದೆವು. ಎರಡನೇ ರಾತ್ರಿಗೆ ಅಪ್ಪ ಇರಲಿಲ್ಲ. ಚೀಟಿ ಇನ್ನೂ ಅದೇ ಪುಟದಲ್ಲಿದೆ. ಅದು ಬೇರೆ ವಿಷಯ ಬಿಡಿ."

ಮುಂದಿನ ಸಾಲಿನಲ್ಲೇ, ಓದಲು ನೆನಪು ಮಾಡುವ ಮೊಬೈಲ್ ಆ್ಯಪ್ ಯಾವುದು ಒಳ್ಳೆಯದು ಅಂತ ವಿಚಾರಿಸಿದ್ದಾರೆ.

ಸಹೋದರರೇ, ನಾನು ಅದನ್ನು ಬಿಡುವುದಿಲ್ಲ. ಪತ್ರದಲ್ಲಿ ಉಳಿದದ್ದೆಲ್ಲ ಬೇರೆ ವಿಷಯ. ಇದೇ ವಿಷಯ.

ನಾಲ್ಕು ವರ್ಷ ಅಂದರೆ ಸುಮಾರು 1,460 ರಾತ್ರಿ. ಸತ್ಯವೇದದ 66 ಪುಸ್ತಕಗಳಲ್ಲಿರುವುದು ಒಟ್ಟು 1,189 ಅಧ್ಯಾಯ. ನೀವು ಯಾವ ಪುಸ್ತಕದ ಮೇಲೆ ಯಾವುದು ಓದಿದಿರೋ ಗೊತ್ತಿಲ್ಲ, ನಡುವೆ ಎಷ್ಟು ರಾತ್ರಿ ತಪ್ಪಿತೋ ಗೊತ್ತಿಲ್ಲ. ಆದರೆ ಆ ಗುಂಪಿನಲ್ಲಿ ದಿನಾ ನಂಬರ್ ಹಾಕುವವರಲ್ಲಿ ನಾಲ್ಕು ವರ್ಷ ಬಿಡದೆ ಓದಿದವರು ಎಷ್ಟು ಜನ ಇದ್ದಾರು? ಅಂಥ ನೀವು "ಅಭ್ಯಾಸ ಯಾವತ್ತೂ ಬರಲೇ ಇಲ್ಲ" ಅಂತ ಬರೆಯುತ್ತೀರಿ. ಅದನ್ನು ಅಪ್ಪನ ಸೇವೆ ಅಂತ ಲೆಕ್ಕ ಹಾಕಿದ್ದೀರಿ, ಓದು ಅಂತ ಹಾಕಿಲ್ಲ. ಯಾಕೆ? ಬಾಯಿಬಿಟ್ಟು ಓದಿದ್ದಕ್ಕಾ? ಇನ್ನೊಬ್ಬರಿಗಾಗಿ ಓದಿದ್ದಕ್ಕಾ? ಬೆಳಗಿನ ಬದಲು ರಾತ್ರಿ ಓದಿದ್ದಕ್ಕಾ?

ಒಬ್ಬರೇ, ಬೆಳಿಗ್ಗೆ, ಬಾಯಿ ಮುಚ್ಚಿಕೊಂಡು, ಪೆನ್ನು ಹಿಡಿದು ಓದಿದರೆ ಮಾತ್ರ ಓದು ಅಂತ ಯಾರೋ ನಮ್ಮ ತಲೆಯಲ್ಲಿ ಕೂರಿಸಿಬಿಟ್ಟಿದ್ದಾರೆ. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ: ಸತ್ಯವೇದ ಕಿವಿಗೆ ಬೀಳಬೇಕು. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ. ಸುವಾರ್ತಿಕ ಫಿಲಿಪ್ಪನಿಗೆ ಅದು ಕೇಳಿಸಿತು. ತನಗಾಗಿ ಓದುವಾಗಲೂ ಗಟ್ಟಿಯಾಗಿ ಓದುತ್ತಿದ್ದ ಅಂತ ತಾನೇ ಅರ್ಥ? ಹಗಲಿರುಳು ಧ್ಯಾನಿಸು ಅಂತ ಮೋಶೆಯ ನಂತರ ನಾಯಕನಾದ ಯೆಹೋಶುವನಿಗೆ ದೇವರು ಹೇಳುವಾಗ ಬಳಸಿರುವ ಹೀಬ್ರೂ ಪದ 'ಹಾಗಾ'. ಯೆಶಾಯನಲ್ಲಿ ಸಿಂಹ ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಪಾರಿವಾಳ ಮೂಲುಗುವುದಕ್ಕೂ ಅದೇ ಪದ. ಧ್ಯಾನ ಅಂದರೆ ಅವರಿಗೆ ಗಂಟಲಲ್ಲಿ ಆಗುವ ಕೆಲಸ.

ನಿಮ್ಮ ನಾಲ್ಕು ಅಧ್ಯಾಯದ ಪಟ್ಟಿ ಬಹುಶಃ ರಾಬರ್ಟ್ ಮರ್ರಿ ಮೆಕ್‌ಶೇನ್ ಅವರದ್ದು. ದಿನಕ್ಕೆ ನಾಲ್ಕು ಅಂದರೆ ಹೆಚ್ಚಾಗಿ ಅದೇ. ಅವರು ಸ್ಕಾಟ್ಲೆಂಡಿನ ಡಂಡೀ ಊರಲ್ಲಿ ಸಭಾಪಾಲಕರಾಗಿದ್ದವರು. ತಮ್ಮ ಸಭೆಯವರಿಗಾಗಿ 1842ರಲ್ಲಿ ಅದನ್ನು ಮಾಡಿದರು. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಮರುವರ್ಷ ತೀರಿಕೊಂಡಾಗ ಅವರಿಗೆ ಇನ್ನೂ 29. ಈಗ ಆ ಪಟ್ಟಿ ಎಲ್ಲೆಲ್ಲೂ ಸಿಗುತ್ತದೆ. ಅದರ ಜೊತೆ ಅವರು ಬರೆದ ಮಾತು ಮಾತ್ರ ಜಾಸ್ತಿ ಜನ ನೋಡಿರುವುದಿಲ್ಲ. ನಾಲ್ಕರಲ್ಲಿ ಎರಡು ಭಾಗ ಏಕಾಂತಕ್ಕೆ, ಇನ್ನೆರಡು ಮನೆಯವರೆಲ್ಲ ಕೂತು ಓದುವುದಕ್ಕೆ. ಅಂದರೆ ಪಟ್ಟಿಯ ಅರ್ಧವೇ ಗಟ್ಟಿಯಾಗಿ ಓದಲು ಇಟ್ಟದ್ದು. ನಾಲ್ಕನ್ನೂ ನೀವು ಒಬ್ಬರೇ ಹೊತ್ತಿರಿ. ಈ ಪಟ್ಟಿಯಿಂದ ಬರಬಹುದಾದ ಕೇಡುಗಳನ್ನೂ ಅವರೇ ಎಚ್ಚರಿಸಿ ಬರೆದರು. ಓದು ಬರೀ ಆಚಾರ ಆಗಬಹುದು. ಓದಿದೆ ಅಂತ ಹೆಮ್ಮೆ ಬರಬಹುದು. ಕಣ್ಣು ಓಡಿಸಿ ಮುಗಿಸುವವರಾಗಬಹುದು. ಕೆಲವರಿಗೆ ಹೊರಲಾರದ ನೊಗ ಆಗಬಹುದು.

ಈಗ ನಿಮ್ಮ ಪಾಲಕರ ವಿಷಯ. ಅವರ ಮೇಲೆ ನೀವು ಒಂದು ಮಾತೂ ಆಡಿಲ್ಲ. ನಾನು ಆಡುತ್ತೇನೆ. ಹಿರಿಯರಲ್ಲಿ ಒಬ್ಬರು ನಾಲ್ಕು ವರ್ಷ ಕಣ್ಣಿಲ್ಲದ ತಂದೆಗೆ ಓದಿದ್ದಾರೆ, ಆ ತಂದೆಯನ್ನು ಮಣ್ಣು ಮಾಡಿದ್ದು ಇದೇ ಪಾಲಕರು. ಆಮೇಲೆ ಒಂದು ಸಲವಾದರೂ ಮನೆಗೆ ಬಂದು, "ಈಗ ರಾತ್ರಿ ಹೊತ್ತು ಏನು ಮಾಡ್ತೀರಿ?" ಅಂತ ಕೇಳಿದರಾ? ಕೇಳಿದ್ದರೆ ನೀವು ನನಗೆ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಕೇಳುವ ಬದಲು ನಂಬರ್ ಹಾಕಿ ಅಂದರು. ಹಾಕದಿದ್ದರೆ ಹೆಸರು ಓದುತ್ತೇನೆ ಅಂದರು. ಹೆಸರು ಓದುವ ಭಯ ಇಟ್ಟ ಕಡೆ ಸುಳ್ಳು ಹುಟ್ಟುತ್ತದೆ. ನಿಮ್ಮೊಬ್ಬರದೇ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ.

ಧರ್ಮೋಪದೇಶಕಾಂಡ 17ರಲ್ಲಿ ಅರಸನಿಗೆ ಒಂದು ಅಪ್ಪಣೆ ಇದೆ. ಸಿಂಹಾಸನದ ಮೇಲೆ ಕೂತವನು ಧರ್ಮಶಾಸ್ತ್ರದ ಪ್ರತಿಯನ್ನು ತನಗಾಗಿ ಬರೆದುಕೊಳ್ಳಬೇಕು, ಅದು ಅವನ ಹತ್ತಿರವೇ ಇರಬೇಕು, ಬದುಕಿರುವ ತನಕ ದಿನಾ ಓದಬೇಕು. ಕಾರಣವನ್ನೂ ಅಲ್ಲೇ ಹೇಳಿದೆ: ದೇವರಿಗೆ ಭಯಪಡುವುದನ್ನು ಕಲಿಯಬೇಕು, ತನ್ನ ಸಹೋದರರಿಗಿಂತ ತಾನು ಮೇಲು ಅಂತ ಅವನ ಹೃದಯ ಉಬ್ಬಬಾರದು. ನಾಯಕನ ಓದು ಅವನನ್ನು ತಗ್ಗಿಸುವುದಕ್ಕೆ. ಅದನ್ನು ಹಾಜರಿ ಪುಸ್ತಕ ಮಾಡಿದರೆ ಉಬ್ಬುವುದಕ್ಕೇ ದಾರಿಯಾಗುತ್ತದೆ.

ಇಷ್ಟು ಹೇಳಿದ ಮೇಲೂ, ಸುಳ್ಳು ನಂಬರ್ ಹಾಕಿದ ಕೈ ನಿಮ್ಮದೇ. ಅದಕ್ಕೆ ನಾನು ಸಮಾಧಾನ ಹೇಳುವುದಿಲ್ಲ. ನಾಳೆ ಬೆಳಿಗ್ಗೆಯಿಂದ ಹಾಕಬೇಡಿ. ಪಾಲಕರ ಎದುರು ಕೂತು ಐದು ತಿಂಗಳ ಮಾತನ್ನು ಹೇಳಿಬಿಡಿ. ಐದು ನಿಮಿಷ ಸಾಕು. ಅವರು ಸಿಟ್ಟಾದರೆ ಆಗಲಿ.

ಜವಾಬ್ದಾರಿ ಬಿಡಲೇ ಅಂದಿರಿ. ಬೇಡ. ಓದು ನಿಂತ ನಾಯಕರು ನೀವೇ ಮೊದಲಲ್ಲ. ಯೆಹೂದದ ಯೋಷೀಯ ಅರಸನ ಕಾಲದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿದ್ದು ಎಲ್ಲಿ? ದೇವಾಲಯದಲ್ಲೇ. ಕಳೆದುಹೋಗಿದ್ದೂ ಅಲ್ಲೇ, ಯಾಜಕರು ದಿನಾ ಓಡಾಡುವ ಜಾಗದಲ್ಲಿ. ಅವನು ಪಟ್ಟಕ್ಕೆ ಬಂದು 18 ವರ್ಷ ಆಗಿತ್ತು, ಆಲಯದ ರಿಪೇರಿ ಕೆಲಸ ನಡೆಯುತ್ತಿತ್ತು. ಅರಮನೆಯ ಲೇಖಕ ಶಾಫಾನನು ಅದನ್ನು ಅರಸನ ಮುಂದೆ ಓದಿದ. ಗಮನಿಸಿ, ಓದಿ ಕೇಳಿಸಿದ. ಕೇಳಿದ ಅರಸ ಬಟ್ಟೆ ಹರಿದುಕೊಂಡ. ಸಿಂಹಾಸನ ಬಿಟ್ಟು ಹೋಗಲಿಲ್ಲ. ಜನರನ್ನೆಲ್ಲ ಸೇರಿಸಿ ಅದೇ ಗ್ರಂಥವನ್ನು ಅವರಿಗೂ ಓದಿ ಕೇಳಿಸಿದ. ನೀವೂ ಒಂದು ಶನಿವಾರ ಪಾಠ ತಯಾರಿಸದೆ ಹೋಗಿ. ನಿಮ್ಮ ಹುಡುಗರಿಗೆ ನಿಜ ಹೇಳಿ, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ಓದಿ ಕೇಳಿಸಿ, ಪ್ರಾರ್ಥಿಸಿ, ಮನೆಗೆ ಬನ್ನಿ. ಅವರಿಗೆ ಅವತ್ತು ಸಿಗುವಷ್ಟು ಇಷ್ಟು ದಿನ ಸಿಕ್ಕಿರಲಿಕ್ಕಿಲ್ಲ.

ಬಾಕಿ ಅಧ್ಯಾಯಗಳ ಚಿಂತೆಯನ್ನು ಇವತ್ತೇ ಹರಿದು ಹಾಕಿ. ಇದೂ ನಾನು ಪದೇ ಪದೇ ಹೇಳುವ ಮಾತು. ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿದ್ದ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ನೆನಪಿದೆಯಲ್ಲ? ಅವತ್ತಿನದ್ದು ಅವತ್ತಿಗೆ. ಬೆಳಗಿನ ತನಕ ಕೂಡಿಟ್ಟದ್ದು ಹುಳ ಬಿದ್ದು ನಾತ ಹೊಡೆಯಿತು. ತಪ್ಪಿದ ದಿನದ್ದನ್ನು ಮರುದಿನ ಎರಡು ಪಾಲು ತಿಂದು ತೀರಿಸಿ ಅಂತ ದೇವರು ಯಾರಿಗೂ ಹೇಳಲಿಲ್ಲ. ನಿನ್ನೆ ತಪ್ಪಿತಾ, ತಪ್ಪಿತು. ಇವತ್ತಿನ ಭಾಗ ಓದಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಯವರು ಹೊಸ ಅಭ್ಯಾಸ ಹೇಗೆ ಕೂರುತ್ತದೆ ಅಂತ 96 ಜನರನ್ನು ಇಟ್ಟುಕೊಂಡು ನೋಡಿದರು. 2010ರಲ್ಲಿ ಪ್ರಕಟವಾದ ಅಧ್ಯಯನ. ದಿನಾ ಮಾಡುವ ಯಾವುದಾದರೂ ಒಂದು ಕೆಲಸಕ್ಕೆ ಹೊಸದನ್ನು ಕಟ್ಟಿ ಅಂದಿದ್ದರು. ತಾನಾಗಿ ಆಗುವ ಮಟ್ಟಕ್ಕೆ ಬರಲು ಒಬ್ಬೊಬ್ಬರಿಗೆ 18ರಿಂದ 254 ದಿನದ ತನಕ ಬೇಕಾಗಬಹುದು ಅಂತ ಅವರ ಅಂದಾಜು. ನಡುವಿನ ಲೆಕ್ಕ 66 ದಿನ (ಸತ್ಯವೇದದ ಪುಸ್ತಕಗಳೂ 66, ನನಗೆ ಅದು ಮರೆಯುವುದೇ ಇಲ್ಲ). ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಆ ಕಟ್ಟುವ ಗೂಟ ನಿಮಗೆ ಇತ್ತು. ರಾತ್ರಿಯ ಹೊತ್ತು, ಆ ಮಂಚ, ಕಾದು ಮಲಗಿರುವ ಅಪ್ಪ. ಅವರು ಹೋದಾಗ ಗೂಟವೇ ಹೋಯಿತು. ಅದನ್ನು ನೀವು ಎರಡು ವರ್ಷದಿಂದ ಸೋಮಾರಿತನ ಅಂತ ಕರೆದುಕೊಳ್ಳುತ್ತಿದ್ದೀರಿ. ಅದು ದುಃಖ, ಸಹೋದರರೇ. ಓದುವಾಗ ಕೇಳಿಸಿಕೊಳ್ಳುವವರಿಲ್ಲ ಎಂಬ ದುಃಖ. ಅದು ಇರುವ ಪುಸ್ತಕವನ್ನೇ ಮುಟ್ಟಲು ಕೈ ಹಿಂಜರಿಯುತ್ತದೆ, ಸಹಜ ಅಲ್ವಾ?

ಇನ್ನೊಂದು ಮಾತು. ಮೊದಲ ಪುಟದಲ್ಲಿ ನಿಮ್ಮ ಹೆಂಡತಿಯ ಬಗ್ಗೆ ಒಂದೇ ಸಾಲು ಇದೆ: "ಮನೆ ತುಂಬಾ ಸುಮ್ನಾಗಿಬಿಟ್ಟಿದೆ ಅಂತ ಅವಳು ಆಗಾಗ ಹೇಳುತ್ತಾಳೆ, ಟಿವಿ ಹಾಕಿದರೂ ಅದೇ ಮಾತು." ನಿಮಗೆ ಅರ್ಥ ಆಗಲಿಲ್ಲವಾ? ನಾಲ್ಕು ವರ್ಷ ಆಯಮ್ಮ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಲೋ ಮಕ್ಕಳನ್ನು ಮಲಗಿಸುತ್ತಲೋ ನಿಮ್ಮ ಓದು ಕೇಳಿದ್ದಾರೆ. ಕೇಳುವವರು ಇಬ್ಬರಿದ್ದರು. ಒಬ್ಬರು ಈಗಲೂ ಇದ್ದಾರೆ. ಈ ಪತ್ರದಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಕನಿಕರ ಬಂದದ್ದು ಅವರ ಮೇಲೆ. ಮಾವನನ್ನೂ ಕಳೆದುಕೊಂಡರು, ರಾತ್ರಿಯ ಆ ಸ್ವರವನ್ನೂ ಕಳೆದುಕೊಂಡರು. ಅದನ್ನು ಯಾರ ಹತ್ತಿರ ಕೇಳಬೇಕು ಅಂತಲೂ ಅವರಿಗೆ ತಿಳಿಯಲಿಲ್ಲ.

ಯೋಜನೆ ಕೇಳಿದ್ದಿರಿ. ಯೋಜನೆ ಇಲ್ಲ, ಒಂದೇ ಅಪ್ಪಣೆ. ಇವತ್ತು ರಾತ್ರಿ 119ನೇ ಕೀರ್ತನೆಯ ಉಳಿದರ್ಧವನ್ನು ಗಟ್ಟಿಯಾಗಿ ಓದಿ.

ಆ ಕೀರ್ತನೆ 176 ವಚನ. ಹೀಬ್ರೂ ಅಕ್ಷರ 22, ಅಕ್ಷರಕ್ಕೆ ಎಂಟೆಂಟು ವಚನ. ನೀವು ಸರಿಯಾಗಿ ಅರ್ಧ ಮಾಡಿದ್ದರೆ 88ಕ್ಕೆ ನಿಂತಿರಬೇಕು. ಹಾಗಿದ್ದರೆ ಅಪ್ಪ ಕೊನೆಗೆ ಕೇಳಿದ ಭಾಗದಲ್ಲಿ 82ನೇ ವಚನ ಇತ್ತು. ನಿನ್ನ ಮಾತಿಗಾಗಿ ಕಾದು ಕಾದು ನನ್ನ ಕಣ್ಣು ಸೋತಿತು, ನನ್ನನ್ನು ಯಾವಾಗ ಸಂತೈಸುವಿ ಅಂತ ಕೇಳುವ ವಚನ. ಕಣ್ಣಿಲ್ಲದ ಮುದುಕರಿಗೆ ಅದನ್ನು ಓದಿ ಹೇಳಿದವರು ನೀವು.

ಮೊಬೈಲ್ ಬೇಡ, ಅಪ್ಪನ ಪುಸ್ತಕವನ್ನೇ ತೆಗೆಯಿರಿ. ಅದೇ ಕುರ್ಚಿಯಲ್ಲಿ ಕೂರಿ. ಹೆಂಡತಿಯನ್ನು ಕರೆಯಿರಿ, ಮಕ್ಕಳು ಬಂದರೆ ಬರಲಿ. ಯಾವ ಟಿಪ್ಪಣಿಯನ್ನೂ ಬರೆಯಬೇಡಿ, ಶನಿವಾರಕ್ಕೆ ಅಂತ ಒಂದು ವಚನವನ್ನೂ ಎತ್ತಿಡಬೇಡಿ. 89ರಿಂದ ಶುರು ಮಾಡಿ. ಅಲ್ಲಿ ಮೊದಲ ಮಾತೇ ದೇವರ ವಾಕ್ಯ ಪರಲೋಕದಲ್ಲಿ ಸದಾಕಾಲ ನಿಂತಿದೆ ಅನ್ನುವುದು. ಕಾಲಿಗೆ ದೀಪ, ದಾರಿಗೆ ಬೆಳಕು ಎಂಬ 105ನೇ ವಚನ ಬರುತ್ತದೆ, ಮಕ್ಕಳಿಗೆ ಬಾಯಿಪಾಠ ಇದ್ದರೆ ಅವರೇ ಹೇಳಲಿ. ಸ್ವರ ಕಟ್ಟಿದರೆ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿ. ಕೊನೆಯ ವಚನಕ್ಕೆ ನಿಧಾನವಾಗಿ ಬನ್ನಿ. ದೇವರ ವಾಕ್ಯದ ಮೇಲಿನ ಪ್ರೀತಿಯನ್ನು 175 ವಚನ ಹಾಡಿದವನು 176ರಲ್ಲಿ, ಕಳೆದುಹೋದ ಕುರಿಯ ಹಾಗೆ ದಾರಿ ತಪ್ಪಿ ಅಲೆದಿದ್ದೇನೆ, ನಿನ್ನ ಸೇವಕನನ್ನು ಹುಡುಕು ಅನ್ನುತ್ತಾನೆ.

ಅಲ್ಲಿಗೆ ನಿಲ್ಲಿಸಿ. ಪುಸ್ತಕ ಮುಚ್ಚುವ ಮುಂಚೆ ಆ ಚೀಟಿಯನ್ನು 120ಕ್ಕೆ ಸರಿಸಿಡಿ. ಅದರಲ್ಲಿ ಏಳೇ ವಚನ. ನಾಳೆ ರಾತ್ರಿಗೆ ಅಷ್ಟು ಸಾಕು.