ಒಮ್ಮೆ ಸೋತ ಕೈ ಮರುಸಲ ಬೇರೆ ಥರ ಆಡುವುದೇಕೆ?

ಸೋತಾಗ ಮಿದುಳು ಹುಡುಕಾಟಕ್ಕಿಳಿಯುತ್ತದೆ, ಗೆದ್ದಾಗ ಸಿಕ್ಕಿದ್ದನ್ನೇ ಹಿಡಿದುಕೊಳ್ಳುತ್ತದೆ. ಅದಕ್ಕೇ.

ಹಳೇ ಬೀಗ ತೆಗೆಯುವಾಗ ನಿಮ್ಮ ಕೈಯನ್ನೇ ಗಮನಿಸಿ. ಕೀಲಿ ತಿರುಗದಿದ್ದರೆ ಕೂದಲೆಳೆಯಷ್ಟು ಹೊರಗೆಳೆದು, ಮೇಲೆತ್ತಿ, ಸ್ವಲ್ಪ ಓರೆ ಮಾಡಿ ನೋಡುತ್ತೀರಿ. ಒಮ್ಮೆ 'ಟಕ್' ಅಂದಿತೋ, ಮರುದಿನವೂ ಕೈ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಹೋಗುತ್ತದೆ.

ಚೆಂಡು ಎಡಕ್ಕೆ ಹೋದದ್ದು ಕಣ್ಣಿಗೆ ಕಂಡರೆ ಬಲಕ್ಕೆ ತಿದ್ದಿಕೊಳ್ಳಬಹುದು. ಬೀಗ ಹಾಗಲ್ಲ, 'ಆಗಲಿಲ್ಲ' ಎನ್ನುತ್ತದೆ, ಯಾವ ಕಡೆ ತಿದ್ದಬೇಕೆಂದು ಹೇಳುವುದಿಲ್ಲ. ಆಗ ಚಲನೆಯನ್ನು ಅಷ್ಟಿಷ್ಟು ಬದಲಿಸಿ ನೋಡುವುದೇ ದಾರಿ. ಆ ಏರುಪೇರನ್ನು ಬರೀ ಕೈತಪ್ಪು ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಈ ಹೆಚ್ಚು-ಕಡಿಮೆ ಮಾಡುವುದರಲ್ಲಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಪಾಲಿರುವಂತಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಹುಮಾನ ತಪ್ಪಿದ ಮೇಲೆ ಆರೋಗ್ಯವಂತರ ಕೈಚಲನೆಯಲ್ಲಿ ಏರುಪೇರು ಹೆಚ್ಚಿತು. ಡೋಪಮೈನ್ ಕೊರತೆಯಿರುವ ಪಾರ್ಕಿನ್ಸನ್ ರೋಗಿಗಳಲ್ಲಿ ಅದು ಅಷ್ಟು ಹೆಚ್ಚಲಿಲ್ಲ. ಕೈ ನಡುಗುವ ಕಾಯಿಲೆಯಲ್ಲೇ ಹೀಗೆಂಬುದು ವಿಚಿತ್ರ: ನಡುಕ ಬೇರೆ, ಹುಡುಕಾಟ ಬೇರೆ.